ಪಿನ್, ಒಟಿಪಿ, ಐಎಫ್‌ಎಸ್‌ಸಿ: ಹಣದ ವ್ಯವಹಾರದ ಪುಟ್ಟ ಪದಗಳ ಪೂರ್ಣ ಅರ್ಥ

ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಚೆಕ್ಕಿನ ಕೆಳ ಅಂಚು, ಅಂಗಡಿಯ ಬಿಲ್ಲು, ಮೊಬೈಲ್‌ಗೆ ಬರುವ ಸಂದೇಶ. ಎಲ್ಲಿ ನೋಡಿದರೂ ಮೂರು-ನಾಲ್ಕು ಇಂಗ್ಲಿಷ್ ಅಕ್ಷರಗಳ ಸಂಕ್ಷಿಪ್ತ ಪದಗಳೇ ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಬಹುಪಾಲನ್ನು ಎಲ್ಲರೂ ದಿನನಿತ್ಯ ಬಳಸುತ್ತಾರೆ. ಬಿಡಿಸಿ ಹೇಳಿ ಎಂದರೆ ತಡವರಿಸುತ್ತಾರೆ. ವಿಸ್ತೃತ ರೂಪ ನೆನಪಿಲ್ಲದಿದ್ದರೆ ದೊಡ್ಡ ನಷ್ಟವೇನೂ ಇಲ್ಲ. ಆದರೆ ಯಾವ ಪದ ಯಾವ ಕೆಲಸ ಮಾಡುತ್ತದೆ ಎಂಬುದು ತಿಳಿಯದಿದ್ದರೆ ಖಾತೆಯೇ ಬರಿದಾಗಬಹುದು.

ಇವುಗಳನ್ನು ಅರ್ಥ ಮಾಡಿಕೊಳ್ಳಲು ಒಂದು ಸುಲಭ ದಾರಿಯಿದೆ. ಕೆಲವು ಪದಗಳು ಮನೆಯ ವಿಳಾಸವಿದ್ದಂತೆ. ಇನ್ನು ಕೆಲವು ಬೀಗದ ಕೈ ಇದ್ದಂತೆ. ವಿಳಾಸವನ್ನು ಕೇಳಿದವರಿಗೆ ಹೇಳಬಹುದು, ಹೇಳದಿದ್ದರೆ ಹಣ ಬಂದು ತಲುಪುವುದೇ ಇಲ್ಲ. ಬೀಗದ ಕೈಯನ್ನು ಯಾರ ಕೈಗೂ ಕೊಡುವಂತಿಲ್ಲ. ವಂಚಕರ ಕಸುಬು ನಡೆಯುವುದು ಈ ಎರಡರ ನಡುವಿನ ಗೊಂದಲವನ್ನೇ ನಂಬಿಕೊಂಡು.

ಗೊಂದಲಕ್ಕೆ 'ಪಿನ್' ಎಂಬ ಪದವೇ ಉತ್ತಮ ಉದಾಹರಣೆ. ಅಂಚೆ ಇಲಾಖೆಯ ಪಿನ್ ಎಂದರೆ ಪೋಸ್ಟಲ್ ಇಂಡೆಕ್ಸ್ ನಂಬರ್. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕಿಗಳ ಸಂಖ್ಯೆ ಊರು-ಬಡಾವಣೆಯ ಗುರುತು. ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯದು 560001 ಎಂದು ಗೋಡೆಯ ಮೇಲೆ ಬರೆದರೂ ಯಾರಿಗೂ ನಷ್ಟವಿಲ್ಲ. ಬ್ಯಾಂಕಿನ ಪಿನ್ ಎಂದರೆ ಪರ್ಸನಲ್ ಐಡೆಂಟಿಫಿಕೇಶನ್ ನಂಬರ್. ಇದು ಖಾತೆಯ ಬೀಗದ ಕೈ. ಒಂದೇ ಉಚ್ಚಾರಣೆ, ಕೆಲಸ ಮಾತ್ರ ತದ್ವಿರುದ್ಧ. (ಅಂದಹಾಗೆ, 'ಪಿನ್ ನಂಬರ್' ಎನ್ನುವಾಗ ನಂಬರ್ ಎಂಬ ಪದವನ್ನು ಎರಡು ಸಲ ಹೇಳಿದಂತಾಗುತ್ತದೆ. 'ಎಟಿಎಂ ಮಷಿನ್', 'ಐಎಫ್‌ಎಸ್‌ಸಿ ಕೋಡ್' ಎಂಬುವೂ ಹಾಗೆಯೇ. ಆಡುಮಾತಿನಲ್ಲಿ ಬೇರೂರಿರುವ ಇವನ್ನು ಈಗ ಕೀಳುವುದು ಕಷ್ಟ.)

ವಿಳಾಸ ತಿಳಿಸುವ ಅಕ್ಷರಗಳು

ಐಎಫ್‌ಎಸ್‌ಸಿ: ಇಂಡಿಯನ್ ಫೈನಾನ್ಶಿಯಲ್ ಸಿಸ್ಟಮ್ ಕೋಡ್. ದೇಶದ ಯಾವ ಬ್ಯಾಂಕಿನ ಯಾವ ಶಾಖೆ ಎಂಬುದನ್ನು ತಿಳಿಸುವ 11 ಅಕ್ಷರ-ಅಂಕಿಗಳ ಸಂಕೇತ. ಮೊದಲ ನಾಲ್ಕು ಅಕ್ಷರಗಳು ಬ್ಯಾಂಕಿನ ಹೆಸರನ್ನು ಸೂಚಿಸುತ್ತವೆ. ಕೆನರಾ ಬ್ಯಾಂಕಿಗೆ ಸಿಎನ್‌ಆರ್‌ಬಿ, ಕರ್ಣಾಟಕ ಬ್ಯಾಂಕಿಗೆ ಕೆಎಆರ್‌ಬಿ, ಸ್ಟೇಟ್ ಬ್ಯಾಂಕಿಗೆ ಎಸ್‌ಬಿಐಎನ್. ಕೊನೆಯ ಆರು ಸ್ಥಾನಗಳು ಶಾಖೆಯ ಗುರುತು. ನಡುವೆ, ಐದನೆಯ ಸ್ಥಾನದಲ್ಲಿ ಇರುವುದು ಸೊನ್ನೆ. ಇದನ್ನು ಇಂಗ್ಲಿಷಿನ 'ಓ' ಅಕ್ಷರವೆಂದು ತಿಳಿದು ಅರ್ಜಿ ತುಂಬುವವರು ಅನೇಕರು. ಹಾಗೆ ತುಂಬಿದ ಅರ್ಜಿ ಮುಂದೆ ಹೋಗುವುದಿಲ್ಲ.

ಕರ್ನಾಟಕದ ಗ್ರಾಹಕರಿಗೆ ಈ ನಾಲ್ಕು ಅಕ್ಷರಗಳ ಬಿಸಿ ತಟ್ಟಿದ್ದು ಬ್ಯಾಂಕುಗಳ ವಿಲೀನದ ಕಾಲದಲ್ಲಿ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. 2019ರ ಏಪ್ರಿಲ್ 1ರಂದು ವಿಜಯ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾವನ್ನು ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಕರಗಿದವು. ಬೆಂಗಳೂರಿನಲ್ಲಿ 1913ರಲ್ಲಿ ಆರಂಭವಾದ ಮೈಸೂರು ಬ್ಯಾಂಕ್ ಹಾಗೂ ಕರಾವಳಿಯಲ್ಲಿ ಹುಟ್ಟಿ ಬೆಳೆದ ಮೂರು ಬ್ಯಾಂಕುಗಳು ಮೂರು ವರ್ಷಗಳಲ್ಲಿ ಹೆಸರು ಕಳೆದುಕೊಂಡವು. ಹೆಸರಿನ ಹಿಂದೆಯೇ ಐಎಫ್‌ಎಸ್‌ಸಿಯೂ ಹೋಯಿತು. ಎಸ್‌ವೈಎನ್‌ಬಿ ಎಂದು ಆರಂಭವಾಗುತ್ತಿದ್ದ ಸಿಂಡಿಕೇಟ್ ಬ್ಯಾಂಕಿನ ಸಂಕೇತಗಳು 2021ರ ಜುಲೈ 1ರಿಂದ ನಿಷ್ಕ್ರಿಯಗೊಂಡು, ಸಿಎನ್‌ಆರ್‌ಬಿ ಎಂದು ಆರಂಭವಾಗುವ ಹೊಸ ಸಂಕೇತಗಳು ಬಂದವು.

ವಿಳಾಸ ಬದಲಾದ ಮನೆಗೆ ಹಳೆಯ ವಿಳಾಸದಲ್ಲಿ ಕಾಗದ ಬರೆದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ. ಭವಿಷ್ಯನಿಧಿ, ವಿಮೆ, ಮ್ಯೂಚುವಲ್ ಫಂಡ್, ಆದಾಯ ತೆರಿಗೆ ಮರುಪಾವತಿ, ಹೀಗೆ ವರ್ಷಕ್ಕೋ ಹತ್ತು ವರ್ಷಕ್ಕೋ ಒಮ್ಮೆ ಹಣ ಬರುವ ಕಡೆ ಹಳೆಯ ಸಂಕೇತ ಉಳಿದುಕೊಂಡಿದ್ದರೆ ಹಣ ಮರಳಿ ಹೋಗುವ ಸಾಧ್ಯತೆಯಿದೆ. ಈ ನಾಲ್ಕು ಬ್ಯಾಂಕುಗಳ ಹಳೆಯ ಪಾಸ್‌ಬುಕ್ ಇಟ್ಟುಕೊಂಡಿರುವವರು, ವಿಶೇಷವಾಗಿ ನಿವೃತ್ತರು, ಇಂಥ ಕಡೆಗಳಲ್ಲೆಲ್ಲ ಹೊಸ ಸಂಕೇತ ದಾಖಲಾಗಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಕ್ಷೇಮ.

ಎಂಐಸಿಆರ್: ಮ್ಯಾಗ್ನೆಟಿಕ್ ಇಂಕ್ ಕ್ಯಾರೆಕ್ಟರ್ ರೆಕಗ್ನಿಷನ್. ಚೆಕ್ಕಿನ ಕೆಳಗಿನ ಬಿಳಿ ಪಟ್ಟಿಯಲ್ಲಿ ಅಯಸ್ಕಾಂತೀಯ ಶಾಯಿಯಿಂದ ಮುದ್ರಿಸುವ ಅಂಕಿಗಳಿವು. ಇವುಗಳ ಪೈಕಿ ಒಂಬತ್ತು ಅಂಕಿಗಳ ಎಂಐಸಿಆರ್ ಸಂಕೇತದಲ್ಲಿ ಮೊದಲ ಮೂರು ನಗರವನ್ನು, ನಂತರದ ಮೂರು ಬ್ಯಾಂಕನ್ನು, ಕೊನೆಯ ಮೂರು ಶಾಖೆಯನ್ನು ಸೂಚಿಸುತ್ತವೆ. ನಗರದ ಮೂರು ಅಂಕಿಗಳನ್ನು ಅಂಚೆ ಪಿನ್‌ನಿಂದಲೇ ಪಡೆಯಲಾಗಿದೆ: ಬೆಂಗಳೂರಿಗೆ 560, ಮೈಸೂರಿಗೆ 570. ಆ ಪಟ್ಟಿಯ ಮೇಲೆ ಸಹಿ ಹಾಕಬಾರದು, ಗೀಚಬಾರದು ಎನ್ನುವುದು ಯಂತ್ರ ಅದನ್ನು ಓದಬೇಕಾದ್ದರಿಂದ.

ಚೆಕ್ಕಿನ ಮೇಲೆ ಕಾಣುವ ಸಿಟಿಎಸ್ ಎಂದರೆ ಚೆಕ್ ಟ್ರಂಕೇಶನ್ ಸಿಸ್ಟಮ್. ಚೆಕ್ಕಿನ ಕಾಗದ ಊರಿಂದೂರಿಗೆ ಪ್ರಯಾಣ ಮಾಡುವುದಿಲ್ಲ, ಅದರ ಚಿತ್ರ ಮಾತ್ರ ಹೋಗುತ್ತದೆ. 2008ರಲ್ಲಿ ದೆಹಲಿಯಲ್ಲಿ ಆರಂಭವಾದ ಈ ಪದ್ಧತಿಯಲ್ಲಿ 2025ರ ಅಕ್ಟೋಬರ್ 4ರಿಂದ ಚೆಕ್ಕುಗಳನ್ನು ಕಂತುಗಳಲ್ಲಿ ಒಟ್ಟುಗೂಡಿಸುವ ಬದಲು ಬಂದ ಬಂದ ಹಾಗೆಯೇ ವಿಲೇವಾರಿ ಮಾಡುವ ಕ್ರಮ ಜಾರಿಗೆ ಬಂದಿತು. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಕೊಟ್ಟು, 'ಎರಡು ದಿನದೊಳಗೆ ತುಂಬಿದರಾಯಿತು' ಎಂದು ಲೆಕ್ಕ ಹಾಕುತ್ತಿದ್ದವರು ಇದನ್ನು ಗಮನಿಸಬೇಕು.

ಹಣ ಸಾಗುವ ನಾಲ್ಕು ಹಾದಿಗಳು

ವಿಳಾಸ ಸರಿಯಿದ್ದರೆ ಹಣ ಕಳುಹಿಸಲು ಹಾದಿ ಬೇಕು. ಈಗ ಇರುವ ಮುಖ್ಯ ಹಾದಿಗಳು ನಾಲ್ಕು.

ಆರ್‌ಟಿಜಿಎಸ್ ಎಂದರೆ ರಿಯಲ್ ಟೈಮ್ ಗ್ರಾಸ್ ಸೆಟ್ಲ್‌ಮೆಂಟ್. ರಿಸರ್ವ್ ಬ್ಯಾಂಕ್ 2004ರ ಮಾರ್ಚ್‌ನಲ್ಲಿ ಇದನ್ನು ಆರಂಭಿಸಿತು. ಪ್ರತಿ ಪಾವತಿಯೂ ಪ್ರತ್ಯೇಕವಾಗಿ, ಆ ಕ್ಷಣವೇ ಇತ್ಯರ್ಥವಾಗುತ್ತದೆ. ಕನಿಷ್ಠ ಮೊತ್ತ 2 ಲಕ್ಷ ರೂ. ನಿವೇಶನ ಖರೀದಿಯಂಥ ದೊಡ್ಡ ವ್ಯವಹಾರಗಳಿಗೆ ಬಳಕೆಯಾಗುವುದು ಇದೇ. ಎನ್‌ಇಎಫ್‌ಟಿ ಎಂದರೆ ನ್ಯಾಷನಲ್ ಎಲೆಕ್ಟ್ರಾನಿಕ್ ಫಂಡ್ಸ್ ಟ್ರಾನ್ಸ್‌ಫರ್. 2005ರಲ್ಲಿ ಬಂದ ಇದರಲ್ಲಿ ಕನಿಷ್ಠ ಮೊತ್ತದ ಕಟ್ಟುಪಾಡಿಲ್ಲ. ಆದರೆ ಪಾವತಿಗಳು ಅರ್ಧ ಗಂಟೆಗೊಮ್ಮೆ ಕಂತುಗಳಲ್ಲಿ ಹೊರಡುತ್ತವೆ. ಮೊದಲನೆಯದು ಬಾಡಿಗೆ ಕಾರು, ಎರಡನೆಯದು ಅರ್ಧ ಗಂಟೆಗೊಮ್ಮೆ ಬಿಡುವ ಬಸ್ಸು ಎನ್ನಬಹುದು. ಹಿಂದೆ ಎರಡೂ ಬ್ಯಾಂಕ್ ವೇಳೆಯಲ್ಲಿ ಮಾತ್ರ ಓಡುತ್ತಿದ್ದವು. ಎನ್‌ಇಎಫ್‌ಟಿ 2019ರ ಡಿಸೆಂಬರ್ 16ರಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ ಹಗಲಿರುಳೂ ಲಭ್ಯ.

ಐಎಂಪಿಎಸ್ ಎಂದರೆ ಇಮ್ಮಿಡಿಯೆಟ್ ಪೇಮೆಂಟ್ ಸರ್ವಿಸ್. ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ, ಅಂದರೆ ಎನ್‌ಪಿಸಿಐ, ಇದನ್ನು 2010ರಲ್ಲಿ ಆರಂಭಿಸಿತು. ಸಣ್ಣ ಮೊತ್ತವಾದರೂ ತಕ್ಷಣ ತಲುಪಿಸುವುದು ಇದರ ವೈಶಿಷ್ಟ್ಯ. ಇದೇ ತಳಹದಿಯ ಮೇಲೆ ಎನ್‌ಪಿಸಿಐ ಕಟ್ಟಿದ ಮುಂದಿನ ಮಹಡಿಯೇ ಯುಪಿಐ: ಯೂನಿಫೈಡ್ ಪೇಮೆಂಟ್ಸ್ ಇಂಟರ್‌ಫೇಸ್. 2016ರ ಏಪ್ರಿಲ್ 11ರಂದು ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ರಘುರಾಮ್ ರಾಜನ್ ಮುಂಬೈಯಲ್ಲಿ ಇದಕ್ಕೆ ಚಾಲನೆ ನೀಡಿದ್ದರು. ಉದ್ದದ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಎರಡನ್ನೂ ಬರೆಯುವ ಬದಲು ಒಂದು ಚಿಕ್ಕ ಯುಪಿಐ ಐಡಿ ಅಥವಾ ಮೊಬೈಲ್ ಸಂಖ್ಯೆ ಸಾಕು ಎಂಬುದು ಇದರ ಹೆಚ್ಚುಗಾರಿಕೆ. ಅಂಗಡಿಗಳಲ್ಲಿ ಅಂಟಿಸಿರುವ ಕಪ್ಪು-ಬಿಳುಪು ಚೌಕ, ಅಂದರೆ ಕ್ಯುಆರ್ ಕೋಡ್, ಆ ವಿಳಾಸದ ಚಿತ್ರರೂಪ. ಕ್ವಿಕ್ ರೆಸ್ಪಾನ್ಸ್ ಎಂಬುದರ ಸಂಕ್ಷೇಪವಾದ ಇದು 1994ರಲ್ಲಿ ಜಪಾನಿನಲ್ಲಿ ವಾಹನಗಳ ಬಿಡಿಭಾಗಗಳನ್ನು ಗುರುತಿಸುವುದಕ್ಕಾಗಿ ಹುಟ್ಟಿತು.

ಈ ಹಾದಿಗಳ ಬಗ್ಗೆ ಒಂದು ಸಂಗತಿಯನ್ನು ಬಹಳ ಮಂದಿ ಅರಿತಿಲ್ಲ. ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ಗಳಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯನ್ನು ನೋಡಿ, ಹೆಸರನ್ನು ನೋಡಿ ಅಲ್ಲ. ಒಂದು ಅಂಕಿ ತಪ್ಪಿ, ಆ ತಪ್ಪು ಸಂಖ್ಯೆಯ ಖಾತೆಯೊಂದು ನಿಜವಾಗಿಯೂ ಇದ್ದರೆ ಹಣ ಅಪರಿಚಿತರ ಪಾಲಾಗುತ್ತದೆ. ಹಣ ಕಳುಹಿಸುವ ಮುನ್ನ ಪಡೆಯುವವರ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ಆ ಹೆಸರನ್ನು ಓದದೆ ಗುಂಡಿ ಒತ್ತಿದರೆ ಸೌಲಭ್ಯವಿದ್ದೂ ಪ್ರಯೋಜನವಿಲ್ಲ.

ಕೇಳದಿದ್ದರೂ ಬರಬೇಕಾದ ನೂರು ರೂಪಾಯಿ

ಟಿಎಟಿ ಎಂಬ ಸಂಕ್ಷೇಪವನ್ನು ಕೇಳಿದವರು ಕಡಿಮೆ. ಆದರೆ ಗ್ರಾಹಕನಿಗೆ ಹಣ ತಂದುಕೊಡುವ ಪದ ಇದೊಂದೇ ಇರಬೇಕು. ಟರ್ನ್ ಅರೌಂಡ್ ಟೈಮ್, ಅಂದರೆ ಕೆಟ್ಟುಹೋದ ವ್ಯವಹಾರವನ್ನು ಸರಿಪಡಿಸಲು ಇರುವ ಗಡುವು. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಎಟಿಎಂನಲ್ಲಿ ನೋಟು ಹೊರಬಾರದೆ ಖಾತೆಯಿಂದ ಹಣ ಕಡಿತವಾದರೆ ಐದು ದಿನಗಳೊಳಗೆ ಅದು ಮರಳಿ ಜಮೆಯಾಗಬೇಕು. ತಡವಾದರೆ ದಿನಕ್ಕೆ 100 ರೂ. ಪರಿಹಾರ. ಯುಪಿಐನಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಹಣ ಕಡಿತವಾಗಿಯೂ ತಲುಪದಿದ್ದರೆ ಮರುದಿನದೊಳಗೆ ವಾಪಸಾಗಬೇಕು. ಅಂಗಡಿಗೆ ಕೊಟ್ಟ ಹಣವಾದರೆ ಐದು ದಿನ. ಈ ಪರಿಹಾರವನ್ನು ಗ್ರಾಹಕ ದೂರು ನೀಡಲಿ ಬಿಡಲಿ, ಬ್ಯಾಂಕ್ ತಾನಾಗಿಯೇ ಜಮೆ ಮಾಡಬೇಕು ಎಂದು ಸುತ್ತೋಲೆ ಹೇಳುತ್ತದೆ. ಬಾರದಿದ್ದರೆ ಬ್ಯಾಂಕಿಗೆ ಲಿಖಿತ ದೂರು ನೀಡಿ, 30 ದಿನ ಕಳೆದರೂ ಉತ್ತರವಿಲ್ಲದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಮೊರೆ ಹೋಗಬಹುದು.

ಬೀಗದ ಕೈಗಳು

ಎಟಿಎಂ ಎಂದರೆ ಆಟೊಮೇಟೆಡ್ ಟೆಲ್ಲರ್ ಮಷಿನ್. 'ಎನಿ ಟೈಮ್ ಮನಿ' ಎಂಬ ಜನಪ್ರಿಯ ವಿಸ್ತರಣೆ ಅರ್ಥಪೂರ್ಣವಾಗಿದ್ದರೂ ಸರಿಯಲ್ಲ. ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ 1967ರ ಜೂನ್ 27ರಂದು ಬಾರ್ಕ್ಲೇಸ್ ಬ್ಯಾಂಕ್ ತೆರೆದ ಯಂತ್ರವನ್ನು ಜಗತ್ತಿನ ಮೊದಲನೆಯದೆಂದು ಪರಿಗಣಿಸಲಾಗುತ್ತದೆ. ಅದರ ಹಿಂದಿದ್ದ ಜಾನ್ ಶೆಫರ್ಡ್ ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗ್‌ನಲ್ಲಿ. ಆರು ಅಂಕಿಗಳ ಗುಪ್ತಸಂಖ್ಯೆ ಇರಲಿ ಎಂದುಕೊಂಡಿದ್ದ ತಮಗೆ, ನಾಲ್ಕಕ್ಕಿಂತ ಹೆಚ್ಚು ಅಂಕಿ ನೆನಪಿರುವುದಿಲ್ಲ ಎಂದು ಪತ್ನಿ ಹೇಳಿದ್ದರಿಂದ ಪಿನ್ ನಾಲ್ಕು ಅಂಕಿಗೆ ನಿಂತಿತೆಂದು ಅವರು ಹೇಳಿಕೊಂಡಿದ್ದರು. ಭಾರತಕ್ಕೆ ಎಟಿಎಂ ಬಂದದ್ದು 1987ರಲ್ಲಿ, ಮುಂಬೈಗೆ.

ಕಾರ್ಡಿನ ಹಿಂಬದಿಯ ಮೂರು ಅಂಕಿ ಸಿವಿವಿ, ಅಂದರೆ ಕಾರ್ಡ್ ವೆರಿಫಿಕೇಶನ್ ವ್ಯಾಲ್ಯೂ. ಕಾರ್ಡನ್ನು ಯಂತ್ರಕ್ಕೆ ತೋರಿಸದೆ ಅಂತರ್ಜಾಲದಲ್ಲಿ ಖರೀದಿ ಮಾಡುವಾಗ ಕಾರ್ಡು ಕೈಯಲ್ಲೇ ಇದೆ ಎಂಬುದಕ್ಕೆ ಇದು ಸಾಕ್ಷಿ. ಕಾರ್ಡಿನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬಾರದು ಎನ್ನುವುದಕ್ಕೆ ಇದೇ ಕಾರಣ.

ಒಟಿಪಿ ಎಂದರೆ ಒನ್ ಟೈಮ್ ಪಾಸ್‌ವರ್ಡ್. ಒಂದೇ ಬಾರಿಗೆ, ಕೆಲವೇ ನಿಮಿಷಗಳ ಮಟ್ಟಿಗೆ ಚಲಾವಣೆಯಲ್ಲಿರುವ ಗುಪ್ತಸಂಖ್ಯೆ. ಬೀಗಕ್ಕೆ ಪ್ರತಿ ಸಲವೂ ಹೊಸ ಕೈ ಮಾಡಿಸಿಕೊಟ್ಟಂತೆ. ಗೊಂದಲ ಆರಂಭವಾಗುವುದು ಇಲ್ಲಿಯೇ. ಪಾರ್ಸೆಲ್ ತರುವ ಹುಡುಗನೂ ಒಟಿಪಿ ಕೇಳುತ್ತಾನೆ, ಆಟೊ ಚಾಲಕರೂ ಕೇಳುತ್ತಾರೆ. ಅದನ್ನು ಹೇಳಿಯೇ ಸಾಮಾನು ಪಡೆಯಬೇಕು, ಗಾಡಿ ಹತ್ತಬೇಕು. ಹೀಗೆ ದಿನಕ್ಕೆರಡು ಬಾರಿ ಒಟಿಪಿ ಹೇಳಿ ರೂಢಿಯಾದವರಿಗೆ 'ಒಟಿಪಿ ಯಾರಿಗೂ ಹೇಳಬೇಡಿ' ಎಂಬ ಬ್ಯಾಂಕಿನ ಎಚ್ಚರಿಕೆ ಕಿವಿಗೆ ಹೋಗುವುದೇ ಇಲ್ಲ. ಎಲ್ಲ ಒಟಿಪಿಗಳೂ ಒಂದೇ ಬೀಗದವಲ್ಲ. ಆದ್ದರಿಂದ ಸಂದೇಶದಲ್ಲಿನ ಅಂಕಿಗಳನ್ನಷ್ಟೇ ನೋಡದೆ ಅದು ಯಾವ ಉದ್ದೇಶಕ್ಕೆ ಬಂದಿದೆ ಎಂಬ ಸಾಲನ್ನು ಓದಬೇಕು. ಅಲ್ಲಿ ರೂಪಾಯಿ, ಕಾರ್ಡ್, ಲಾಗಿನ್ ಎಂಬ ಪದಗಳಿದ್ದರೆ ಆ ಸಂಖ್ಯೆ ಕೇಳುವವರು ಬ್ಯಾಂಕ್ ಮ್ಯಾನೇಜರ್ ಎಂದುಕೊಂಡರೂ ಕರೆ ಕಡಿತಗೊಳಿಸುವುದೇ ಸರಿ.

ಯುಪಿಐ ಪಿನ್ ವಿಷಯದಲ್ಲಿ ನಿಯಮ ಇನ್ನೂ ಸರಳ: ಹಣ ಕೊಡುವಾಗ ಪಿನ್ ಬೇಕು, ಪಡೆಯುವಾಗ ಬೇಡ. ಹಳೆಯ ಮಂಚ, ಸೋಫಾ ಮಾರಲು ಜಾಹೀರಾತು ನೀಡಿದವರಿಗೆ 'ಮುಂಗಡ ಕಳುಹಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ನಿಮ್ಮ ಖಾತೆಗೆ ಬರುತ್ತದೆ' ಎಂದು ಹೇಳಿ ಹಣ ಲಪಟಾಯಿಸುವುದು ಹಳೆಯ ತಂತ್ರ. ವ್ಯಕ್ತಿಗಳು ಪರಸ್ಪರ ಯುಪಿಐನಲ್ಲಿ ಹಣ ಕೋರುವ ಮನವಿಯನ್ನು ಎನ್‌ಪಿಸಿಐ 2025ರ ಅಕ್ಟೋಬರ್‌ನಿಂದ ನಿಲ್ಲಿಸಿದ್ದಕ್ಕೆ ಈ ಬಗೆಯ ವಂಚನೆಯೇ ಕಾರಣ. ಕ್ಯುಆರ್ ಕಳುಹಿಸಿ ಮೋಸ ಮಾಡುವ ದಾರಿ ಮಾತ್ರ ಮುಚ್ಚಿಲ್ಲ.

ಬೀಗದ ಕೈಯನ್ನು ಕೇಳದೆಯೇ ಕದಿಯುವ ವಿಧಾನಕ್ಕೂ ಒಂದು ಸಂಕ್ಷೇಪವಿದೆ: ಎಪಿಕೆ. ಆಂಡ್ರಾಯ್ಡ್ ಫೋನಿಗೆ ತಂತ್ರಾಂಶ ಅಳವಡಿಸುವ ಕಡತದ ಹೆಸರು ಇದು. ಮದುವೆಯ ಕರೆಯೋಲೆ, ಸಂಚಾರ ನಿಯಮ ಉಲ್ಲಂಘನೆಯ ದಂಡದ ಚಲನ್ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಕಡತದ ಕೊನೆಗೆ ಈ ಮೂರು ಅಕ್ಷರಗಳಿದ್ದರೆ ಅದು ಕರೆಯೋಲೆಯಲ್ಲ. ತೆರೆದು ಅಳವಡಿಸಿಕೊಂಡು, ಸಂದೇಶಗಳನ್ನು ಓದಲು ಅನುಮತಿ ಕೊಟ್ಟರೆ ಬರುವ ಒಟಿಪಿಗಳೆಲ್ಲ ನೇರವಾಗಿ ವಂಚಕರಿಗೆ ತಲುಪುತ್ತವೆ.

ಇನ್ನೊಂದು ಕೀಲಿ ಬೆರಳ ತುದಿಯಲ್ಲೇ ಇದೆ. ಎಇಪಿಎಸ್, ಅಂದರೆ ಆಧಾರ್ ಎನೇಬಲ್ಡ್ ಪೇಮೆಂಟ್ ಸಿಸ್ಟಮ್, ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಒತ್ತಿ ಹಣ ಪಡೆಯುವ ವ್ಯವಸ್ಥೆ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಈ ಮೂರಿದ್ದರೆ ಸಾಕು. ಪಿನ್ ಇಲ್ಲ, ಒಟಿಪಿಯೂ ಇಲ್ಲ. ಓದು ಬಾರದವರಿಗೆ, ವೃದ್ಧಾಪ್ಯ ವೇತನ ಪಡೆಯುವವರಿಗೆ ಇದರಿಂದ ಆಗಿರುವ ಉಪಕಾರ ದೊಡ್ಡದು. ಆದರೆ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳ ನಕಲು ತಯಾರಿಸಿ ಹಣ ತೆಗೆದ ದೂರುಗಳು 2023ರಲ್ಲಿ ರಾಜ್ಯದಲ್ಲಿ ಕೇಳಿಬಂದವು. ಪಿನ್ ಕಳುವಾದರೆ ಬದಲಾಯಿಸಬಹುದು. ಬೆರಳನ್ನು ಬದಲಾಯಿಸುವುದು ಹೇಗೆ? ಸದ್ಯಕ್ಕೆ ಇರುವ ಪರಿಹಾರ, ಆಧಾರ್ ಪ್ರಾಧಿಕಾರದ ಜಾಲತಾಣ ಅಥವಾ ಮೊಬೈಲ್ ತಂತ್ರಾಂಶದ ಮೂಲಕ ಬೆರಳಚ್ಚಿನ ಬಳಕೆಗೆ ಬೀಗ ಹಾಕಿಡುವುದು. ಅಗತ್ಯವಿದ್ದಾಗ ತೆರೆಯಬಹುದು.

ಬೀಗದ ಕೈ ಕೊಟ್ಟವರಾರು ಎಂಬುದು ನಷ್ಟ ಯಾರಿಗೆ ಎಂಬುದನ್ನೂ ನಿರ್ಧರಿಸುತ್ತದೆ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ಗ್ರಾಹಕನ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹಣ ಹೋಗಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ ಎಂದಿತ್ತು. ಗ್ರಾಹಕನೇ ಗುಪ್ತಸಂಖ್ಯೆ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದೇ ಎಂದೂ ಅದರಲ್ಲಿತ್ತು.

'ಕೆವೈಸಿ ಮುಗಿದಿದೆ' ಎಂಬ ಬೆದರಿಕೆ

ಕೆವೈಸಿ ಎಂದರೆ ನೋ ಯುವರ್ ಕಸ್ಟಮರ್, 'ನಿಮ್ಮ ಗ್ರಾಹಕರನ್ನು ಅರಿಯಿರಿ'. ಇದು ಬ್ಯಾಂಕಿಗೆ ಹೇಳಿದ ಮಾತು, ಗ್ರಾಹಕನಿಗಲ್ಲ. ಕಪ್ಪುಹಣದ ಚಲಾವಣೆ ತಡೆಯಲು ಖಾತೆದಾರರ ಗುರುತು, ವಿಳಾಸಗಳನ್ನು ಪರಿಶೀಲಿಸುವ ಹೊಣೆಯನ್ನು ರಿಸರ್ವ್ ಬ್ಯಾಂಕ್ 2002ರಲ್ಲಿ ಬ್ಯಾಂಕುಗಳ ಮೇಲೆ ಹೊರಿಸಿತು. ಸಾಮಾನ್ಯ ಗ್ರಾಹಕರ ಮಾಹಿತಿಯನ್ನು ಹತ್ತು ವರ್ಷಗಳಿಗೊಮ್ಮೆ ನವೀಕರಿಸಿದರೆ ಸಾಕು. ವಿಳಾಸ ಮುಂತಾದವು ಬದಲಾಗಿರದಿದ್ದರೆ 'ಬದಲಾವಣೆ ಇಲ್ಲ' ಎಂಬ ಸ್ವಯಂ ಘೋಷಣೆಯಷ್ಟೇ ಸಾಕೆಂದು ರಿಸರ್ವ್ ಬ್ಯಾಂಕ್ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತ್ತು. 'ಇಂದು ರಾತ್ರಿಯೊಳಗೆ ಕೆವೈಸಿ ಮಾಡದಿದ್ದರೆ ಖಾತೆ ಬಂದ್' ಎನ್ನುವ ಸಂದೇಶ ಬಂದರೆ ಅದರಲ್ಲಿನ ಕೊಂಡಿ ಒತ್ತುವ ಬದಲು ಮರುದಿನ ಶಾಖೆಗೆ ಹೋಗಿ ವಿಚಾರಿಸಬಹುದು. ಕೆವೈಸಿಗೆ ಪಿನ್ ಆಗಲಿ ಸಿವಿವಿ ಆಗಲಿ ಬೇಕಾಗುವುದೇ ಇಲ್ಲ.

ಸಾಲದ ಅಕ್ಷರಗಳು: ಇಎಂಐ, ಎಪಿಆರ್, ಕೆಎಫ್‌ಎಸ್

ಇಎಂಐ, ಇಕ್ವೇಟೆಡ್ ಮಂತ್ಲಿ ಇನ್‌ಸ್ಟಾಲ್‌ಮೆಂಟ್, ಅಂದರೆ ಸಮಾನ ಮಾಸಿಕ ಕಂತು. ಕಂತು ಸಮಾನವಾದರೂ ಅದರೊಳಗಿನ ಅಸಲು-ಬಡ್ಡಿಯ ಪಾಲು ಸಮಾನವಲ್ಲ. ಶೇ 9ರ ಬಡ್ಡಿಗೆ 20 ವರ್ಷಗಳ ಅವಧಿಗೆ 30 ಲಕ್ಷ ರೂ. ಗೃಹಸಾಲ ಪಡೆದರೆ ಕಂತು ಸುಮಾರು 26,990 ರೂ. ಮೊದಲ ತಿಂಗಳ ಕಂತಿನಲ್ಲಿ 22,500 ರೂ. ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸಲ್ಲುವುದು ನಾಲ್ಕೂವರೆ ಸಾವಿರ ಮಾತ್ರ. ನಾಲ್ಕೈದು ವರ್ಷ ಕಟ್ಟಿದ ಮೇಲೂ ಸಾಲ ಕರಗಿಲ್ಲವೆಂದು ಬ್ಯಾಂಕಿನಲ್ಲಿ ಜಗಳಕ್ಕೆ ನಿಲ್ಲುವವರಿಗೆ ಉತ್ತರ ಇಲ್ಲಿದೆ. ಕೈಯಲ್ಲಿ ಹೆಚ್ಚುವರಿ ಹಣವಿದ್ದರೆ ಅವಧಿಯ ಆರಂಭದಲ್ಲೇ ಅಸಲಿಗೆ ಕಟ್ಟುವುದರಿಂದ ಹೆಚ್ಚು ಲಾಭ ಎನ್ನುವುದೂ ಇದೇ ಲೆಕ್ಕದಿಂದ.

ಇದಕ್ಕಿಂತ ದೊಡ್ಡ ಮೋಸ 'ಫ್ಲಾಟ್' ಬಡ್ಡಿಯದು. ಒಂದು ಲಕ್ಷ ರೂ. ಸಾಲವನ್ನು ಒಂದು ವರ್ಷದ ಅವಧಿಗೆ, ಉಳಿದ ಅಸಲಿನ ಮೇಲೆ ಮಾತ್ರ ಶೇ 12ರ ಬಡ್ಡಿ ಲೆಕ್ಕ ಹಾಕಿ ಪಡೆದರೆ ಕಂತು ಸುಮಾರು 8,885 ರೂ.; ವರ್ಷಕ್ಕೆ ಬಡ್ಡಿ ಸುಮಾರು 6,600 ರೂ. ಅದೇ ಶೇ 12 'ಫ್ಲಾಟ್' ಎಂದರೆ ಇಡೀ ಲಕ್ಷದ ಮೇಲೆ ವರ್ಷಪೂರ್ತಿ ಬಡ್ಡಿ: 12,000 ರೂ. ಕಂತು 9,333 ರೂ. ಪ್ರತಿ ತಿಂಗಳು ಅಸಲು ತೀರುತ್ತಾ ಹೋದರೂ ತೀರಿದ ಹಣಕ್ಕೂ ಬಡ್ಡಿ ಕಟ್ಟಿದಂತೆ. ನಿಜವಾದ ದರ ಶೇ 21ನ್ನು ದಾಟುತ್ತದೆ. ಸಾಲ ಕೊಡುವವರು ಹೇಳುವುದು ಎರಡೂ ಕಡೆ 'ಶೇ 12' ಎಂದೇ.

ಈ ನಿಜವಾದ ದರವನ್ನು ಹೊರಗೆಳೆಯುವ ಅಕ್ಷರಗಳೇ ಎಪಿಆರ್: ಆ್ಯನುವಲ್ ಪರ್ಸೆಂಟೇಜ್ ರೇಟ್. ಬಡ್ಡಿಯ ಜತೆಗೆ ಪ್ರಕ್ರಿಯಾ ಶುಲ್ಕ ಮುಂತಾದ ಖರ್ಚುಗಳನ್ನೂ ಸೇರಿಸಿ ವಾರ್ಷಿಕ ದರವಾಗಿ ತಿಳಿಸುವ ಸಂಖ್ಯೆ. ಇದನ್ನು ಕೆಎಫ್‌ಎಸ್, ಅಂದರೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಮುಖ್ಯಾಂಶಗಳ ಪತ್ರದಲ್ಲಿ ಕಡ್ಡಾಯವಾಗಿ ನಮೂದಿಸಬೇಕು. ಜನಸಾಮಾನ್ಯರ ಹಾಗೂ ಸಣ್ಣ ಉದ್ಯಮಗಳ ಹೊಸ ಅವಧಿ ಸಾಲಗಳಿಗೆಲ್ಲ 2024ರ ಅಕ್ಟೋಬರ್ 1ರಿಂದ ಈ ನಿಯಮ ಅನ್ವಯ. ಆ ಪತ್ರವು ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂದು ನಿಯಮದಲ್ಲೇ ಬರೆದಿದೆ. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಹಕ್ಕು, ಉಪಕಾರವಲ್ಲ. ಕೇಳುವವರು ಹೆಚ್ಚಾದರೆ ಕೊಡುವ ಶಾಖೆಗಳೂ ಹೆಚ್ಚಾದಾವು.

ಸಿಬಿಲ್ ಎಂಬುದು ಕ್ರೆಡಿಟ್ ಇನ್ಫರ್ಮೇಶನ್ ಬ್ಯೂರೊ ಇಂಡಿಯಾ ಲಿಮಿಟೆಡ್ ಎಂಬ ಸಂಸ್ಥೆಯ ಹೆಸರಿನ ಸಂಕ್ಷೇಪ. 2000ದಲ್ಲಿ ಸ್ಥಾಪನೆಯಾದ ಇದು ಸಾಲಗಾರರ ಮರುಪಾವತಿ ಚರಿತ್ರೆಯನ್ನು 300ರಿಂದ 900ರೊಳಗಿನ ಅಂಕವಾಗಿ ತಿಳಿಸುತ್ತದೆ. ಇಂಥ ಸಂಸ್ಥೆಗಳು ದೇಶದಲ್ಲಿ ನಾಲ್ಕಿವೆ. ಪ್ರತಿಯೊಂದರಿಂದಲೂ ವರ್ಷಕ್ಕೊಂದು ವರದಿ ಉಚಿತ. ಸ್ನೇಹಿತರ ಸಾಲಕ್ಕೆ ಜಾಮೀನು ಹಾಕಿದವರ ವರದಿಯಲ್ಲೂ ಆ ಸಾಲ ಕಾಣಿಸಿಕೊಳ್ಳುತ್ತದೆ ಎಂಬುದು ಸಹಿ ಹಾಕುವಾಗ ಯಾರೂ ಹೇಳದ ಸಂಗತಿ.

ಠೇವಣಿಗೆ ಎಷ್ಟು ರಕ್ಷಣೆ?

ಡಿಐಸಿಜಿಸಿ ಎಂದರೆ ಡೆಪಾಸಿಟ್ ಇನ್ಶೂರೆನ್ಸ್ ಆ್ಯಂಡ್ ಕ್ರೆಡಿಟ್ ಗ್ಯಾರಂಟಿ ಕಾರ್ಪೊರೇಷನ್. ಬ್ಯಾಂಕ್ ಮುಳುಗಿದರೆ ಠೇವಣಿದಾರನಿಗೆ ಹಣ ಕೊಡುವ, ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ. ಉಚ್ಚರಿಸಲೂ ಕಷ್ಟವಾದ ಈ ಹೆಸರು ಬೆಂಗಳೂರಿನ ಅನೇಕ ಹಿರಿಯ ನಾಗರಿಕರಿಗೆ ಬಾಯಿಪಾಠವಾದದ್ದು 2020ರ ಜನವರಿಯಲ್ಲಿ. ಬಸವನಗುಡಿಯ ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಖಾತೆದಾರರು ಆರಂಭದಲ್ಲಿ ಪಡೆಯಬಹುದಾಗಿದ್ದುದು ಕೇವಲ 35,000 ರೂ. ಆಗ ಠೇವಣಿ ವಿಮೆಯ ಮಿತಿ 1 ಲಕ್ಷ ರೂ. ಇತ್ತು. ಅದೇ ವರ್ಷದ ಫೆಬ್ರುವರಿ 4ರಿಂದ ಮಿತಿಯನ್ನು 5 ಲಕ್ಷಕ್ಕೆ ಏರಿಸಲಾಯಿತು. ಇದು ಅಸಲು-ಬಡ್ಡಿ ಎರಡೂ ಸೇರಿ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ. ಒಂದೇ ಬ್ಯಾಂಕಿನ ಮೂರು ಶಾಖೆಗಳಲ್ಲಿ ಹಂಚಿ ಇಟ್ಟರೂ ಲೆಕ್ಕ ಒಂದೇ.

ಈ ವಿಮೆ ಬ್ಯಾಂಕುಗಳಿಗೆ ಮಾತ್ರ. ಬಡಾವಣೆಗೊಂದರಂತೆ ಇರುವ ಪತ್ತಿನ ಸಹಕಾರ ಸಂಘಗಳಿಗಾಗಲಿ, ಎನ್‌ಬಿಎಫ್‌ಸಿ, ಅಂದರೆ ನಾನ್ ಬ್ಯಾಂಕಿಂಗ್ ಫೈನಾನ್ಶಿಯಲ್ ಕಂಪನಿ ಎನ್ನಿಸಿಕೊಳ್ಳುವ ಹಣಕಾಸು ಕಂಪನಿಗಳಿಗಾಗಲಿ ಅನ್ವಯಿಸದು. ಶೇ ಒಂದೆರಡು ಹೆಚ್ಚು ಬಡ್ಡಿ ಸಿಗುತ್ತದೆಂದು ಹಣವಿಡುವ ಮುನ್ನ, ಆ ಸಂಸ್ಥೆಯ ಹೆಸರಿನಲ್ಲಿ ಬ್ಯಾಂಕ್ ಎಂಬ ಪದ ನಿಜವಾಗಿಯೂ ಇದೆಯೇ ಎಂದು ಫಲಕವನ್ನು ಓದಿ ನೋಡುವುದು ಒಳ್ಳೆಯದು.

ಜಿಎಸ್‌ಟಿ: ಬಿಲ್ಲಿನ ಮೇಲಿನ 29

ಗೂಡ್ಸ್ ಆ್ಯಂಡ್ ಸರ್ವಿಸಸ್ ಟ್ಯಾಕ್ಸ್, ಸರಕು ಮತ್ತು ಸೇವಾ ತೆರಿಗೆ, 2017ರ ಜುಲೈ 1ರಂದು ಜಾರಿಯಾಯಿತು. ಬಿಲ್ಲಿನಲ್ಲಿ ಸಿಜಿಎಸ್‌ಟಿ ಕೇಂದ್ರದ ಪಾಲು, ಎಸ್‌ಜಿಎಸ್‌ಟಿ ರಾಜ್ಯದ ಪಾಲು. ಐಜಿಎಸ್‌ಟಿ ಎಂದಿದ್ದರೆ ಅದು ಹೊರರಾಜ್ಯದ ವ್ಯಾಪಾರ. ಗ್ರಾಹಕ ನೋಡಬೇಕಾದದ್ದು ಜಿಎಸ್‌ಟಿಐಎನ್ ಎಂಬ 15 ಸ್ಥಾನಗಳ ನೋಂದಣಿ ಸಂಖ್ಯೆಯನ್ನು. ಮೊದಲೆರಡು ಅಂಕಿ ರಾಜ್ಯದ್ದು; ಕರ್ನಾಟಕಕ್ಕೆ 29. ನಂತರದ ಹತ್ತು ವ್ಯಾಪಾರಿಯ ಪ್ಯಾನ್, ಅಂದರೆ ಆದಾಯ ತೆರಿಗೆ ಇಲಾಖೆಯ ಪರ್ಮನೆಂಟ್ ಅಕೌಂಟ್ ನಂಬರ್. ಈ ಸಂಖ್ಯೆ ನಮೂದಿಸದೆ ತೆರಿಗೆ ಮಾತ್ರ ವಸೂಲಿ ಮಾಡುವ ಬಿಲ್ಲಿನ ಹಣ ಸರ್ಕಾರಕ್ಕೆ ತಲುಪುತ್ತದೆಂಬ ಖಾತರಿಯಿಲ್ಲ. ಸಂಖ್ಯೆ ಅಸಲಿಯೇ ಎಂಬುದನ್ನು ಜಿಎಸ್‌ಟಿ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು.

ಜಿಎಸ್‌ಟಿ ಮತ್ತು ಯುಪಿಐ ಎಂಬ ಎರಡು ಸಂಕ್ಷೇಪಗಳು ಮುಖಾಮುಖಿಯಾದದ್ದು 2025ರ ಜುಲೈನಲ್ಲಿ. ಯುಪಿಐ ಮೂಲಕ ಬಂದ ಹಣದ ಮಾಹಿತಿ ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಫಲಕಗಳು ಎದ್ದವು. ವಿಷಯ ಮುಖ್ಯಮಂತ್ರಿಯವರ ಸಭೆಯವರೆಗೂ ಹೋಯಿತು. ವಾಸ್ತವದಲ್ಲಿ ಯುಪಿಐ ಬಳಸಿದ್ದಕ್ಕೆ ತೆರಿಗೆಯಿಲ್ಲ. ವಾರ್ಷಿಕ ವಹಿವಾಟು ಸರಕುಗಳಲ್ಲಿ 40 ಲಕ್ಷ, ಸೇವೆಗಳಲ್ಲಿ 20 ಲಕ್ಷ ರೂ. ದಾಟಿದರೆ ನೋಂದಣಿ ಕಡ್ಡಾಯ. ಹಣ ನೋಟಿನಲ್ಲಿ ಬಂದರೂ ಅಷ್ಟೇ, ಮೊಬೈಲಿನಲ್ಲಿ ಬಂದರೂ ಅಷ್ಟೇ. ವ್ಯಾಪಾರಿಗಳ ಅಳಲಿನಲ್ಲೂ ಹುರುಳಿತ್ತು. ಖಾತೆಗೆ ಬಂದದ್ದೆಲ್ಲ ವ್ಯಾಪಾರದ ಹಣವಲ್ಲ. ಕೈಗಡ, ಬಂಧುಗಳು ಕಳುಹಿಸಿದ್ದು, ತೆರಿಗೆಯೇ ಇಲ್ಲದ ಹಾಲು-ತರಕಾರಿಯ ಹಣ ಎಲ್ಲವೂ ಒಂದೇ ರಾಶಿಯಲ್ಲಿ ಸೇರಿರುತ್ತವೆ. ಅಂಗಡಿಗೊಂದು, ಮನೆಗೊಂದು ಪ್ರತ್ಯೇಕ ಖಾತೆ ಇಟ್ಟುಕೊಂಡವರಿಗೆ ಲೆಕ್ಕ ಒಪ್ಪಿಸುವುದು ಸುಲಭ.

ಟಿಡಿಎಸ್, ಟ್ಯಾಕ್ಸ್ ಡಿಡಕ್ಟೆಡ್ ಅಟ್ ಸೋರ್ಸ್, ಮೂಲದಲ್ಲೇ ಕಡಿತವಾಗುವ ತೆರಿಗೆ. 2025ರ ಏಪ್ರಿಲ್‌ನಿಂದ ಬ್ಯಾಂಕ್ ಠೇವಣಿಯ ಬಡ್ಡಿ ವರ್ಷಕ್ಕೆ 50,000 ರೂ., ಹಿರಿಯ ನಾಗರಿಕರಿಗೆ 1 ಲಕ್ಷ ರೂ. ಮೀರಿದಾಗ ಮಾತ್ರ ಇದು ಅನ್ವಯವಾಗುವಂತೆ ಮಿತಿ ಹೆಚ್ಚಿಸಲಾಯಿತು. ಕಡಿತವಾದದ್ದು ಕಳೆದುಹೋದ ಹಣವಲ್ಲ. ತೆರಿಗೆ ಬಾಕಿ ಇಲ್ಲದವರು ಐಟಿಆರ್, ಅಂದರೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು.

ಕೊನೆಗೆ ಸಂಕ್ಷೇಪವೇ ಅಲ್ಲದ ಒಂದು ಸಂಖ್ಯೆ: 1930. ಇದು ಸೈಬರ್ ವಂಚನೆಯ ದೂರು ಸ್ವೀಕರಿಸುವ ರಾಷ್ಟ್ರೀಯ ಸಹಾಯವಾಣಿ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗುವುದರಿಂದ, ಅದು ನಗದಾಗಿ ಹೊರಬೀಳುವ ಮೊದಲೇ ತಡೆಹಿಡಿಯಲು ಮೊದಲ ಒಂದೆರಡು ಗಂಟೆಗಳು ನಿರ್ಣಾಯಕ. ಕರೆ ಮಾಡುವಾಗ ವ್ಯವಹಾರದ ಸಂದೇಶದಲ್ಲಿರುವ ಯುಟಿಆರ್, ಅಂದರೆ ಯೂನಿಕ್ ಟ್ರಾನ್ಸಾಕ್ಷನ್ ರೆಫರೆನ್ಸ್ ಸಂಖ್ಯೆ ಕೈಯಲ್ಲಿರಲಿ; ಅದನ್ನು ಹೇಳಿದರೆ ಅಪಾಯವಿಲ್ಲ. ಅಲ್ಲಿಯೂ ಯಾರೂ ಒಟಿಪಿ ಕೇಳುವುದಿಲ್ಲ.